ದಿಲ್ಲಿಯ ಕಾಲ್ಚೆಂಡಿನ ಕಣದಲ್ಲಿ

ಹೊಟ್ಟೆಪಾಡಿಗಾಗಿ ದಿಲ್ಲಿಗೆ ಬಂದು ನೆಲಸಿದ ಕನ್ನಡಿಗರಾದ ನಾವು ಈ ನಗರದ ಚರಿತ್ರೆಯನ್ನು ಕುತುಬ್ ಮಿನಾರು, ಕೆಂಪುಕೋಟೆಗಳಲ್ಲಿಯೇ ಹುಡುಕುವುದು ರೂಢಿ. ಊರಿನಿಂದ ಬಂದ ನೆಂಟರಿಗೆ ತೋರಿಸುವುದೂ ಅವನ್ನೇ. ಆದರೆ ದಿಲ್ಲಿ ಗೇಟಿನ ಹತ್ತಿರ, ಫಿರೋಜ್ ಷಾ ಕೋಟ್ಲಾದ ಮಗ್ಗುಲಲ್ಲಿ, ಅಂಬೇಡ್ಕರ್ ಕ್ರೀಡಾಂಗಣವೆಂಬ ಆಟದ ಬಯಲೊಂದಿದೆ. ಏಷ್ಯಾದ ಹೆಸರಾಂತ ಕಾಲ್ಚೆಂಡಿನ ತಂಡಗಳು ಅಲ್ಲಿ ಬೆವರು ಸುರಿಸಿ ಹೋದುವೆಂದರೆ ನಮ್ಮ ಮಕ್ಕಳು ನಂಬಲಾರರು.

ಅವುಗಳನ್ನು ಕರೆಸಿದ್ದು ಸರ್ಕಾರವಲ್ಲ, ಒಂದು ಬಟ್ಟೆಯ ಗಿರಣಿ. 1889ರಲ್ಲಿ ಸ್ಥಾಪಿತವಾಗಿ ಲಾಲಾ ಶ್ರೀರಾಮರ ಕೈಯಲ್ಲಿ ಬೆಳೆದ ದೆಹಲಿ ಕ್ಲಾತ್ ಮಿಲ್ಸ್ 1945ರಲ್ಲಿ ತನ್ನ ಹೆಸರಿನ ಪಂದ್ಯಾವಳಿಯನ್ನು ಆರಂಭಿಸಿತು. ಡಿ.ಸಿ.ಎಂ. ಎಂಬ ಮೂರಕ್ಷರ ಜವಳಿ ಅಂಗಡಿಯಲ್ಲಿ ಕೇಳುವಂತೆ ಆಟದ ಬಯಲಿನಲ್ಲಿಯೂ ಕೇಳತೊಡಗಿತು. ಮೊದಲು ದೇಶದ ತಂಡಗಳು. ಬರಬರುತ್ತ ಪರದೇಶದ ಕ್ಲಬ್ಬುಗಳಿಗೂ ಆಹ್ವಾನ ಹೋಯಿತು. ಟೆಹರಾನಿನ ತಾಜ್ ಕ್ಲಬ್ 1969, 1970, 1971 ಹೀಗೆ ಮೂರು ವರ್ಷ ಬಿಡದೆ ಗೆದ್ದಿತು. ಇದೇನು ಸಾಮಾನ್ಯ ತಂಡವೆ? 1970ರ ಏಪ್ರಿಲಿನಲ್ಲಿ ಇಸ್ರೇಲಿನ ಹಪೋಯೆಲ್ ಟೆಲ್ ಅವೀವನ್ನು 2-1ರಿಂದ ಸೋಲಿಸಿ ಏಷ್ಯಾದ ಕ್ಲಬ್ ಚಾಂಪಿಯನ್ ಆದದ್ದೂ ಅದೇ. ತಾಜ್ ಎಂದರೆ ಕಿರೀಟ. 1979ರ ಕ್ರಾಂತಿಯಲ್ಲಿ ಷಹನ ಕಿರೀಟ ಉರುಳಿದ ಮೇಲೆ ಕ್ಲಬ್ಬಿಗೆ ಆ ಹೆಸರು ಹೊರಲಾಗದೆ ಎಸ್ತೆಗ್ಲಾಲ್, ಅಂದರೆ ಸ್ವಾತಂತ್ರ್ಯ, ಎಂದಾಯಿತು. 1973ರ ಫೈನಲಿನಲ್ಲಿ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಎದುರಿಗೆ ನಿಂತದ್ದು ಉತ್ತರ ಕೊರಿಯದ ಡೋಕ್ ರೋ ಗಾಂಗ್.

ಇನ್ನೊಂದು ಪಂದ್ಯಾವಳಿ ಡ್ಯುರಾಂಡ್. 1888ರಲ್ಲಿ ಸಿಮ್ಲೆಯಲ್ಲಿ ಬಿಳಿಯ ಸಿಪಾಯಿಗಳ ಮನರಂಜನೆಗೆಂದು ಹುಟ್ಟಿದ್ದು, 1940ರಲ್ಲಿ ದಿಲ್ಲಿಗಿಳಿಯಿತು. ಆ ವರ್ಷವೇ ಇರ್ವಿನ್ ರಂಗದಲ್ಲಿ ಕಲ್ಕತ್ತೆಯ ಮಹಮ್ಮಡನ್ ಸ್ಪೋರ್ಟಿಂಗ್ ರಾಯಲ್ ವಾರ್ವಿಕ್‌ಷೈರ್ ರೆಜಿಮೆಂಟನ್ನು 2-1ರಿಂದ ಮಣಿಸಿತು. ಕಪ್ಪು ಮೊದಲ ಬಾರಿಗೆ ಭಾರತೀಯರ ಕೈಸೇರಿತು.

ನಮ್ಮವರೇನು ಸುಮ್ಮನೆ ಕುಳಿತಿದ್ದರೆ? ಅದಕ್ಕೂ ಮೂರು ವರ್ಷ ಮೊದಲೇ, 1937ರಲ್ಲಿ, ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬಯಿಯ ರೋವರ್ಸ್ ಕಪ್ ಗೆದ್ದಿತ್ತು. ಮರುವರ್ಷ ಮತ್ತೆ ಗೆದ್ದಿತು. ಮೈಸೂರು ನಾಲ್ಕು ಬಾರಿ ಸಂತೋಷ್ ಟ್ರೋಫಿ ತಂದಿತು. 1956ರ ಮೆಲ್ಬೋರ್ನ್ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನ ಪಡೆದ ಭಾರತ ತಂಡದಲ್ಲಿ ನಮ್ಮ ಕೆಂಪಯ್ಯ ಇದ್ದರು. ಇಷ್ಟಾದರೂ ದಿಲ್ಲಿಯಲ್ಲಿ ನಡೆದ ಡ್ಯುರಾಂಡಿನಲ್ಲಿ ಬೆಂಗಳೂರಿನ ಕ್ಲಬ್ಬೊಂದು ಒಮ್ಮೆಯೂ ಕಪ್ಪೆತ್ತಲಿಲ್ಲ. ನಮಗೆ ಇದು ಸ್ವಲ್ಪ ನೋವಿನ ಮಾತೇ ಸರಿ. ಬಂಗಾಳಿ ಮಿತ್ರರು ತಮ್ಮ ತಂಡ ಗೆದ್ದ ದಿನ ಕೇರಿಗೆಲ್ಲ ಮಿಠಾಯಿ ಹಂಚುವಾಗ ತಿನ್ನುವುದಷ್ಟೇ ನಮ್ಮ ಪಾಲು!

ಗಿರಣಿಯ ಪಂದ್ಯಾವಳಿ 1990ರ ದಶಕದ ಕೊನೆಗೆ ನಿಂತುಹೋಯಿತು. ಗಿರಣಿಯೂ ಅದಕ್ಕೆ ಮೊದಲೇ ಬಾಗಿಲು ಹಾಕಿತ್ತು. ಉಣ್ಣುವ ಮನೆಯೇ ಇಲ್ಲದ ಮೇಲೆ ಅತಿಥಿಗಳನ್ನು ಕರೆಯುವವರಾರು? 2019ರಲ್ಲಿ ಡ್ಯುರಾಂಡ್ ಕಲ್ಕತ್ತೆಗೆ ಹೋಯಿತು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರು ಎಫ್.ಸಿ. ಮುಂಬಯಿ ಸಿಟಿಯನ್ನು 2-1ರಿಂದ ಸೋಲಿಸಿ ಆ ಕಪ್ಪನ್ನು ಗೆದ್ದಿತು. ನಮ್ಮೂರವರು ಗೆಲ್ಲುವ ಹೊತ್ತಿಗೆ ಕಪ್ಪು ನಮ್ಮ ದಿಲ್ಲಿಯನ್ನು ಬಿಟ್ಟು ಹೋಗಿತ್ತು.

ತಾಜ್ ತಂಡದ ಆಟವನ್ನು ಕಣ್ಣಾರೆ ಕಂಡ ಹಿರಿಯರು ನಮ್ಮ ಕನ್ನಡ ಬಂಧುಗಳಲ್ಲಿ ಇನ್ನೂ ಕೆಲವರು ಇರಬಹುದು. ಕಂಡದ್ದನ್ನು ಅವರು ಮುಂದಿನ ಸಂಚಿಕೆಗೆ ಬರೆದುಕೊಡಬೇಕೆಂದು ಕೋರುತ್ತೇವೆ. ಬರೆಯಲು ಕೈ ಬಾರದವರು ಹೇಳಿದರೂ ಸಾಕು, ಬರೆದುಕೊಳ್ಳಲು ನಾವೇ ಬರುತ್ತೇವೆ.