ಹಸಿದವನ ಮಾತಿಗೆ ಸಾಕ್ಷಿ

ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲ್ಲೂಕುಗಳು ಭೀಮಾ ಮತ್ತು ಕೃಷ್ಣಾ ನದಿಗಳ ನಡುವಣ ಎರೆಭೂಮಿಯ ಸೀಮೆ. ಮಳೆ ಹದವಾಗಿ ಸುರಿದ ವರ್ಷ ಡೋಣಿ ಹಳ್ಳದ ಕೊಳ್ಳದಲ್ಲಿ ಬಿಳಿಜೋಳ ಆಳೆತ್ತರಕ್ಕೆ ಬೆಳೆದು ನಿಲ್ಲುತ್ತದೆ. ಡೋಣಿ ಬೆಳೆದರೆ ಓಣಿಯೆಲ್ಲ ಕಾಳು ಎಂಬ ಆಡುಮಾತು ಅಂಥ ವರ್ಷಗಳ ಕೊಡುಗೆ. ಮಳೆ ತಪ್ಪಿದ ವರ್ಷ ಇದೇ ನೆಲದ ಜನ ಮನೆಯ ಕದವಿಕ್ಕಿ, ಮಕ್ಕಳನ್ನು ಹೆಗಲ ಮೇಲೆ ಕೂಡಿಸಿಕೊಂಡು ಗುಳೆ ಹೊರಡುತ್ತಾರೆ. 1791-92ರ ಕ್ಷಾಮವನ್ನು ಈ ಭಾಗದ ಜನ ಡೋಗಿ ಬರ, ಅಂದರೆ ತಲೆಬುರುಡೆಗಳ ಬರ, ಎಂದು ತಲೆಮಾರುಗಳ ಕಾಲ ನೆನೆಯುತ್ತ ಬಂದರು. ಅದಾದ 85 ವರ್ಷಗಳ ತರುವಾಯ, 1876ರ ಧಾತು ಸಂವತ್ಸರದಲ್ಲಿ, ದಕ್ಷಿಣ ಭಾರತವನ್ನೆಲ್ಲ ವ್ಯಾಪಿಸಿದ ಮತ್ತೊಂದು ಮಹಾಕ್ಷಾಮ ಇಲ್ಲಿಗೂ ಬಂದಿತು.

ಆ ಕಾಲಕ್ಕೆ ಈ ನಾಲ್ಕು ತಾಲ್ಲೂಕುಗಳು ಮುಂಬಯಿ ಪ್ರಾಂತದ ಕಲಾದಗಿ ಜಿಲ್ಲೆಗೆ ಸೇರಿದ್ದವು. ಜಿಲ್ಲೆಯ ಮುಖ್ಯಸ್ಥಳ ವಿಜಾಪುರಕ್ಕೆ ಬಂದದ್ದು 1885ರಲ್ಲಿ. 1872ರ ಜನಗಣತಿಯಲ್ಲಿ ಕಲಾದಗಿ ಜಿಲ್ಲೆಯ ಜನಸಂಖ್ಯೆ ಸುಮಾರು 8 ಲಕ್ಷ 16 ಸಾವಿರವಿದ್ದಿತು. 1881ರಲ್ಲಿ ಅದು ಸುಮಾರು 6 ಲಕ್ಷ 38 ಸಾವಿರಕ್ಕೆ ಇಳಿಯಿತು. ಒಂಬತ್ತು ವರ್ಷಗಳಲ್ಲಿ ಪ್ರತಿ ನೂರು ಜನರಲ್ಲಿ ಸುಮಾರು 22 ಜನ ಕಡಿಮೆಯಾದರು. ಅವರಲ್ಲಿ ಸತ್ತವರೆಷ್ಟು, ಊರು ಬಿಟ್ಟು ಹೋಗಿ ಹಿಂದಿರುಗದವರೆಷ್ಟು ಎಂಬುದನ್ನು ಈ ಎರಡು ಅಂಕಿಗಳು ಬೇರ್ಪಡಿಸಿ ಹೇಳುವುದಿಲ್ಲ. ಇಂಡಿ ಮತ್ತು ಸಿಂದಗಿಯವರಿಗೆ ಭೀಮೆಯ ಆಚೆಗೆ, ಮುದ್ದೇಬಿಹಾಳದವರಿಗೆ ಪೂರ್ವದ ಗಡಿಯ ಆಚೆಗೆ ನಿಜಾಮನ ಸೀಮೆಯಿತ್ತು. ಒಂದು ರಾಜ್ಯದ ಗಡಿ ದಾಟಿದವನು ಆ ರಾಜ್ಯದ ಲೆಕ್ಕದಿಂದಲೂ ಮರೆಯಾಗುತ್ತಾನೆ.

ಹೀಗೆ ಮರೆಯಾದವರ ಕುರಿತು ಆ ದಿನಗಳಲ್ಲಿ ನಡೆದ ವಾದವಿವಾದ ಇಂದಿಗೂ ಗಮನಿಸತಕ್ಕದ್ದು. ವಾದಿಸಿದವರಲ್ಲಿ ಬಹುಪಾಲು ಜನ ಒಂದೇ ಧರ್ಮಕ್ಕೆ ಸೇರಿದ ಕ್ರೈಸ್ತರು. ಒಂದೇ ಶಾಸ್ತ್ರವನ್ನು ಓದಿ, ಒಂದೇ ದೇವರಿಗೆ ಪ್ರಾರ್ಥನೆ ಸಲ್ಲಿಸುತ್ತಿದ್ದ ಅವರು ಹಸಿದವನಿಗೆ ಎಷ್ಟು ಕೊಡಬೇಕು, ಅವನ ಮಾತನ್ನು ಎಷ್ಟು ನಂಬಬೇಕು ಎಂಬಲ್ಲಿ ಮಾತ್ರ ತೀರ ಭಿನ್ನವಾದ ದಾರಿಗಳನ್ನು ಹಿಡಿದರು.

ಒಂದು ಸೇರಿನ ಲೆಕ್ಕ

ಕ್ಷಾಮದ ಮೇಲ್ವಿಚಾರಣೆಗಾಗಿ ವೈಸರಾಯ್ ಲಾರ್ಡ್ ಲಿಟ್ಟನ್ 1877ರ ಜನವರಿಯಲ್ಲಿ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯನ್ನು ದಕ್ಷಿಣಕ್ಕೆ ಕಳುಹಿಸಿದನು. 1873-74ರಲ್ಲಿ ಬಿಹಾರದಲ್ಲಿ ಬರ ಬಿದ್ದಾಗ ಇದೇ ಟೆಂಪಲ್ ಹೊರಗಿನಿಂದ ಅಕ್ಕಿ ತರಿಸಿ ಧಾರಾಳವಾಗಿ ಹಂಚಿದ್ದನು. ಅಲ್ಲಿ ಪ್ರಾಣಹಾನಿ ಅತ್ಯಲ್ಪವಾಯಿತು. ಆದರೆ ಸರ್ಕಾರದ ಹಣವನ್ನು ಪೋಲು ಮಾಡಿದನೆಂಬ ಟೀಕೆ ಅವನಿಗೆ ಅಂಟಿಕೊಂಡಿತು. ದಕ್ಷಿಣಕ್ಕೆ ಬಂದ ಟೆಂಪಲ್ ಆ ಅಪವಾದವನ್ನು ಕಳೆದುಕೊಳ್ಳಲು ಹೊರಟ ಬೇರೊಬ್ಬ ಮನುಷ್ಯನಂತಿದ್ದನು. ಪರಿಹಾರ ಕಾಮಗಾರಿಯಲ್ಲಿ ದಿನವಿಡೀ ದುಡಿದ ಗಂಡಾಳಿಗೆ ಒಂದು ಪೌಂಡು, ಅಂದರೆ ಸುಮಾರು 450 ಗ್ರಾಂ ಧಾನ್ಯ ಮತ್ತು ಒಂದು ಆಣೆ ಸಾಕೆಂದು ಅವನು ನಿಗದಿ ಮಾಡಿದನು. ಹೆಂಗಸರಿಗೆ ಮತ್ತು ದುಡಿಯುವ ಮಕ್ಕಳಿಗೆ ಅದಕ್ಕಿಂತಲೂ ಕಡಿಮೆ.

ಇದರೊಂದಿಗೆ ಪರೀಕ್ಷೆಗಳೂ ಬಂದವು. ಮೊದಲನೆಯದು ದುಡಿಮೆಯ ಪರೀಕ್ಷೆ: ನಿಜವಾಗಿ ಹಸಿದವನು ಕಲ್ಲು ಒಡೆಯಲು, ಮಣ್ಣು ಹೊರಲು ಹಿಂಜರಿಯಲಾರನೆಂಬುದು ಅದರ ತರ್ಕ. ಎರಡನೆಯದು ದೂರದ ಪರೀಕ್ಷೆ: ಮನೆಯಿಂದ ಹತ್ತು ಮೈಲಿಗೂ ಆಚೆಯ ಕಾಮಗಾರಿಗೆ ನಡೆದು ಬಂದು ಅಲ್ಲಿಯೇ ಬಿಡಾರ ಹೂಡುವವನು ಮಾತ್ರ ಪರಿಹಾರಕ್ಕೆ ಅರ್ಹ. ಹಸಿದೆನೆಂಬ ಮಾತಿಗೆ ಹಸಿದವನ ಬಡಕಲು ದೇಹವೇ ಸಾಕ್ಷಿ ನುಡಿಯಬೇಕೆಂದು ಸರ್ಕಾರ ವಿಧಿಸಿದ ಹಾಗಾಯಿತು.

ಮದ್ರಾಸು ಪ್ರಾಂತದ ಆರೋಗ್ಯಾಧಿಕಾರಿ ಡಾ. ಕಾರ್ನಿಶ್ ಇದನ್ನು ನೇರವಾಗಿ ವಿರೋಧಿಸಿದನು. ಮೈಮುರಿದು ದುಡಿಯುವವನಿಗೆ ಕನಿಷ್ಠ ಒಂದೂವರೆ ಪೌಂಡು ಧಾನ್ಯ, ಜೊತೆಗೆ ಬೇಳೆ ಮತ್ತು ಕಾಯಿಪಲ್ಲೆ ಬೇಕೆಂದು ವೈದ್ಯಶಾಸ್ತ್ರದ ಆಧಾರದ ಮೇಲೆ ವಾದಿಸಿದನು. 1877ರ ಮಾರ್ಚಿಯಲ್ಲಿ ಮದ್ರಾಸು ಸರ್ಕಾರ ಅವನ ಮಾತನ್ನು ಭಾಗಶಃ ಒಪ್ಪಿ ಪಡಿಯನ್ನು ಹೆಚ್ಚಿಸಿತು. ಕಲಾದಗಿ ಜಿಲ್ಲೆ ಮುಂಬಯಿ ಪ್ರಾಂತದಲ್ಲಿದ್ದುದರಿಂದ ಆ ಹೆಚ್ಚಳ ಇಲ್ಲಿಗೆ ಅನ್ವಯಿಸಲಿಲ್ಲ. ಅಷ್ಟೇ ಅಲ್ಲ, ಅದೇ ವರ್ಷದ ಮೇ ತಿಂಗಳಲ್ಲಿ ಟೆಂಪಲ್ ಮುಂಬಯಿಯ ಗವರ್ನರನಾದನು. ಪಡಿ ಕಡಿಮೆ ಮಾಡಿದವನೇ ಆ ಪಡಿಯ ಪರಿಣಾಮವನ್ನು ಕುರಿತು ವರದಿ ಒಪ್ಪಿಸುವ ಸ್ಥಾನಕ್ಕೆ ಬಂದನು.

ಒಂದೇ ಸಂಗತಿ, ಎರಡು ಅರ್ಥ

ಕೂಲಿ ಇಳಿಸಿದಾಗ ಮುಂಬಯಿ ಪ್ರಾಂತದ ಬರಪೀಡಿತ ಜಿಲ್ಲೆಗಳಲ್ಲಿ ಸಾವಿರಾರು ಜನ ಕಾಮಗಾರಿಗಳನ್ನು ತ್ಯಜಿಸಿ ಹೊರಟರು. ಇದು ಯಾರೂ ಅಲ್ಲಗಳೆಯದ ಸಂಗತಿ. ಸರ್ಕಾರದ ಕಡೆಯವರು ಇದನ್ನು ಕಂಡು, ಕೊಟ್ಟ ಕೆಲಸವನ್ನು ಬಿಟ್ಟು ಹೋಗುವವರಿಗೆ ಅಷ್ಟೇನೂ ಹಸಿವಿಲ್ಲವೆಂದು ತೀರ್ಮಾನಿಸಿದರು. 1870ರಲ್ಲಿ ಸ್ಥಾಪನೆಯಾಗಿದ್ದ ಪುಣೆಯ ಸಾರ್ವಜನಿಕ ಸಭೆಯವರು ಅದೇ ಸಂಗತಿಯನ್ನು ಕಂಡು, ದುಡಿದರೂ ಹೊಟ್ಟೆ ತುಂಬದ ಕೂಲಿಗಾಗಿ ಇರುವ ಶಕ್ತಿಯನ್ನೂ ಕಳೆದುಕೊಳ್ಳಲು ಜನ ಒಪ್ಪಲಿಲ್ಲವೆಂದು ಬರೆದರು. ಗಣೇಶ ವಾಸುದೇವ ಜೋಶಿ ಮತ್ತು ಮಹಾದೇವ ಗೋವಿಂದ ರಾನಡೆ ಮುಂತಾದವರಿದ್ದ ಆ ಸಭೆ ತಾಲ್ಲೂಕುಗಳಿಂದ ಸುದ್ದಿ ತರಿಸಿಕೊಂಡು, ಮನವಿಗಳ ಮೇಲೆ ಮನವಿಗಳನ್ನು ಸರ್ಕಾರಕ್ಕೆ ಸಲ್ಲಿಸಿತು. ಅಧಿಕಾರಿಯ ವರದಿಗೆ ಪ್ರತಿಯಾಗಿ ಪ್ರಜೆಗಳ ಕಡೆಯಿಂದಲೂ ಒಂದು ವರದಿ ಇರಬೇಕೆಂಬ ಪದ್ಧತಿ ನಮ್ಮ ದೇಶದಲ್ಲಿ ಬೇರೂರುವುದಕ್ಕೆ ಈ ಕ್ಷಾಮವೂ ಒಂದು ಕಾರಣವಾಯಿತು.

ಬ್ರಿಟಿಷರಲ್ಲಿಯೂ ಏಕಾಭಿಪ್ರಾಯವಿರಲಿಲ್ಲ. ಮದ್ರಾಸಿನ ಪತ್ರಿಕಾ ಸಂಪಾದಕ ವಿಲಿಯಂ ಡಿಗ್ಬಿ ಇಂಗ್ಲೆಂಡಿನ ಜನರಿಂದ ನೆರವು ಬೇಡುವ ಕಾರ್ಯದಲ್ಲಿ ಮುಂದೆ ನಿಂತನು. ಲಿಟ್ಟನ್ ಈ ವಂತಿಗೆಯ ಪ್ರಯತ್ನವನ್ನು ಇಷ್ಟಪಡಲಿಲ್ಲ. ಆದರೂ ಮದ್ರಾಸಿನ ಗವರ್ನರ್ ಬಕಿಂಗ್‌ಹ್ಯಾಮ್ ಡ್ಯೂಕನ ಮನವಿಯ ಮೇಲೆ ಲಂಡನ್ನಿನಲ್ಲಿ ದೊಡ್ಡ ಮೊತ್ತದ ಹಣ ಕೂಡಿತು. ಶುಶ್ರೂಷೆಗೆ ಹೆಸರಾದ ಫ್ಲಾರೆನ್ಸ್ ನೈಟಿಂಗೇಲ್ 1878ರ ಆಗಸ್ಟ್ ತಿಂಗಳಲ್ಲಿ ಭಾರತದ ಜನರನ್ನು ಕುರಿತು ಲೇಖನವೊಂದನ್ನು ಪ್ರಕಟಿಸಿ ಸ್ವದೇಶೀಯರ ಅನಾದರವನ್ನು ಖಂಡಿಸಿದಳು. ಗೋದಾವರಿಗೆ ಅಣೆಕಟ್ಟು ಕಟ್ಟಿಸಿದ ಸರ್ ಆರ್ಥರ್ ಕಾಟನ್ ಹಣವನ್ನು ರೈಲುದಾರಿಗಳಿಗೆ ಸುರಿಯುವುದಕ್ಕಿಂತ ಕಾಲುವೆಗಳಿಗೆ ವಿನಿಯೋಗಿಸಬೇಕೆಂದು 1878ರ ಪಾರ್ಲಿಮೆಂಟಿನ ಸಮಿತಿಯ ಮುಂದೆ ವಾದಿಸಿದನು. ಸಮಿತಿ ಅವನ ವಾದವನ್ನು ಪುರಸ್ಕರಿಸಲಿಲ್ಲ. ಕ್ಷಾಮ ನಿವಾರಣೆಯ ಉದ್ದೇಶದಿಂದ ಹೊಟಗಿ-ಗದಗ ರೈಲುದಾರಿ 1884ರಲ್ಲಿ ತೆರೆಯಿತು. ಇಂದಿಗೂ ಇಂಡಿ ರೋಡ್ ಮತ್ತು ಬಸವನ ಬಾಗೇವಾಡಿ ರೋಡ್ ನಿಲ್ದಾಣಗಳು ಆ ದಾರಿಯಲ್ಲಿವೆ. ಅಂದು ಇದೇ ಬಾಗೇವಾಡಿ ತಾಲ್ಲೂಕಿಗೆ ಸೇರಿದ್ದ ಆಲಮಟ್ಟಿಯಲ್ಲಿ ಕೃಷ್ಣೆಗೆ ಅಣೆಕಟ್ಟಿನ ಅಡಿಗಲ್ಲು ಬಿದ್ದದ್ದು 1964ರಲ್ಲಿ.

ನಂಬಿಕೆಯ ಪರೀಕ್ಷೆ

ಸರ್ಕಾರಕ್ಕೆ ಹಸಿವಿನ ಸತ್ಯಾಸತ್ಯತೆ ಪ್ರಶ್ನೆಯಾದರೆ, ಮಿಷನರಿಗಳಿಗೆ ಇನ್ನೊಂದು ಪ್ರಶ್ನೆ ಎದುರಾಯಿತು. ಬರದಲ್ಲಿ ಆಶ್ರಯ ಕೋರಿ ಬಂದವನು ತನಗೆ ದೀಕ್ಷಾಸ್ನಾನ ಬೇಕೆಂದರೆ ಅದು ಹೃದಯದ ಮಾತೋ, ಹೊಟ್ಟೆಯ ಮಾತೋ? ಕನ್ನಡ ನಾಡಿನಲ್ಲಿ ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿನಿಂದ ಕೆಲಸ ಆರಂಭಿಸಿ ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳಿಗೂ ಕಲಾದಗಿ ಜಿಲ್ಲೆಯ ಗುಳೇದಗುಡ್ಡಕ್ಕೂ ಬಂದಿದ್ದರು. ಮತಾಂತರಗೊಂಡು ಕುಲದಿಂದ ಹೊರಬಿದ್ದವರಿಗೆ ಜೀವನೋಪಾಯ ಕಲ್ಪಿಸಲೆಂದು ಅವರು ನೇಯ್ಗೆ ಮತ್ತು ಹಂಚಿನ ಕಾರ್ಖಾನೆಗಳನ್ನು ನಡೆಸಿದರು. ಉದ್ಯೋಗ ಕೊಡುವ ಧರ್ಮಕ್ಕೆ ಉದ್ಯೋಗಕ್ಕಾಗಿಯೇ ಜನ ಬರುವರಲ್ಲವೆ ಎಂಬ ಶಂಕೆ ಅವರೊಳಗೇ ಇದ್ದಿತು. ಕ್ಷಾಮ ಈ ಶಂಕೆಯನ್ನು ದಕ್ಷಿಣದ ಎಲ್ಲ ಮಿಷನ್ನುಗಳ ಮುಂದೆ ತಂದು ನಿಲ್ಲಿಸಿತು.

ಈ ವಿಷಯದಲ್ಲಿ ಎರಡು ನಿಲುವುಗಳು ಸ್ಪಷ್ಟವಾಗಿ ಕಾಣುತ್ತವೆ. ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನು ರಚಿಸಿ ಕನ್ನಡಿಗರಿಗೂ ಪರಿಚಿತನಾದ ರಾಬರ್ಟ್ ಕಾಲ್ಡ್‌ವೆಲ್ ತಮಿಳುನಾಡಿನ ತಿರುನೆಲ್ವೇಲಿ ಸೀಮೆಯಲ್ಲಿ ಬಿಷಪ್ಪನಾಗಿದ್ದನು. ಕಷ್ಟಕಾಲದಲ್ಲಿ ದಯೆ ತೋರಿದವರ ಕಡೆಗೆ ಜನ ಒಲಿಯುವುದು ಸಹಜವೆಂದು ಭಾವಿಸಿ, ಬಂದ ಸಾವಿರಾರು ಜನರನ್ನು ಅವನ ಮಿಷನ್ ಒಳಗೆ ಸೇರಿಸಿಕೊಂಡಿತು. ತೆಲುಗು ನಾಡಿನ ಒಂಗೋಲಿನಲ್ಲಿದ್ದ ಅಮೆರಿಕದ ಬ್ಯಾಪ್ಟಿಸ್ಟ್ ಮಿಷನರಿ ಜಾನ್ ಕ್ಲಾ ಬೇರೆಯೇ ದಾರಿ ಹಿಡಿದನು. ಬಕಿಂಗ್‌ಹ್ಯಾಮ್ ಕಾಲುವೆಯ ಮೂರೂವರೆ ಮೈಲಿ ಅಗೆತವನ್ನು ಗುತ್ತಿಗೆ ಹಿಡಿದು ಹಸಿದವರಿಗೆಲ್ಲ ಕೆಲಸವನ್ನೂ ಕೂಲಿಯನ್ನೂ ಕೊಟ್ಟನು. ಆದರೆ ಸುಮಾರು 15 ತಿಂಗಳು ಯಾರಿಗೂ ದೀಕ್ಷಾಸ್ನಾನ ಕೊಡಲಿಲ್ಲ. ಹಂಚುವ ಹಣ ತೀರಿದ ಮೇಲೆಯೂ ಬರುವವರು ಯಾರೆಂಬುದನ್ನು ಕಾದು ನೋಡಿದನು. ಅವರು ಬಂದರು. 1878ರ ಜುಲೈ 3ರಂದು ಒಂದೇ ದಿನ 2,222 ಜನರಿಗೆ ದೀಕ್ಷಾಸ್ನಾನವಾಯಿತು. ಇಷ್ಟಾದರೂ ಅಷ್ಟೊಂದು ಜನರ ಶ್ರದ್ಧೆಯನ್ನು ಅಷ್ಟು ಬೇಗ ಅಳೆಯುವುದು ಸಾಧ್ಯವೇ ಎಂದು ಅವನ ಮತದವರೇ ಸಂದೇಹಪಟ್ಟರು.

ಇವರಿಬ್ಬರಲ್ಲಿ ಸರಿ ಯಾರೆಂಬುದು ಅವರ ಮತದವರು ನಿರ್ಣಯಿಸಿಕೊಳ್ಳಬೇಕಾದ ವಿಷಯ. ಆದರೆ ಕ್ಲಾನ ನಡೆಯಲ್ಲಿ ಯಾವ ಮತದವರೂ ಗಮನಿಸಬಹುದಾದ ಒಂದು ಕ್ರಮವಿದೆ. ಅವನು ಪರೀಕ್ಷೆಯನ್ನು ಕೈಬಿಡಲಿಲ್ಲ. ಅದನ್ನು ಅನ್ನದಿಂದ ಬೇರ್ಪಡಿಸಿದನು. ಶ್ರದ್ಧೆಯ ಪರೀಕ್ಷೆ ಕಾಯಬಹುದು, ಹಸಿವು ಕಾಯಲಾರದು. ಟೆಂಪಲ್ ಮಾಡಿದ್ದು ಇದಕ್ಕೆ ವಿರುದ್ಧವಾದುದು. ಅವನು ಪರೀಕ್ಷೆಯನ್ನು ಅನ್ನದ ಬಾಗಿಲಿಗೇ ಕಟ್ಟಿದನು. ಹತ್ತು ಮೈಲಿ ನಡೆಯಲಾರದೆ ದಾರಿಯಲ್ಲಿ ಕುಸಿದವನು ಪರೀಕ್ಷೆಯಲ್ಲಿ ಸೋತವನಾದನು. ಅವನ ಹಸಿವು ನಿಜವಾಗಿತ್ತೆಂಬುದು ಅವನ ಮರಣದಿಂದಷ್ಟೇ ಸಿದ್ಧವಾಗಬೇಕಾಯಿತು.

ದಾನದ ವಿಚಾರದಲ್ಲಿ ಜಿನಸೇನಾಚಾರ್ಯರ ಆದಿಪುರಾಣ ಮಾಡಿರುವ ವಿಂಗಡಣೆ ಇಲ್ಲಿ ಸ್ಮರಣೀಯವಾಗಿದೆ. ಅದರಲ್ಲಿ ಪಾತ್ರದತ್ತಿ ಬೇರೆ, ದಯಾದತ್ತಿ ಬೇರೆ. ಪಾತ್ರದತ್ತಿಯಲ್ಲಿ ಪಡೆಯುವವರ ಯೋಗ್ಯತೆಯ ವಿಚಾರ ಬರುತ್ತದೆ. ಭಯಪೀಡಿತರಾದ, ದೀನರಾದ ಜೀವಿಗಳಿಗೆ ಸಲ್ಲುವ ದಯಾದತ್ತಿಯಲ್ಲಿ ಅವರ ದೈನ್ಯವೇ ಅರ್ಹತೆ. ಕಲಾದಗಿ ಜಿಲ್ಲೆಯ ಹಸಿದವರಿಗೆ ಆಡಳಿತ ವಿಧಿಸಿದ್ದು ದಯೆಗೆ ಸಲ್ಲದ ಪರೀಕ್ಷೆ.

ಅಂಕಿಗಳ ಸಾಕ್ಷ್ಯ

ಕ್ಷಾಮ ಮುಗಿದ ಮೇಲೆ ವಿವಾದ ಅಂಕಿಗಳ ಕಡೆಗೆ ತಿರುಗಿತು. ಬ್ರಿಟಿಷ್ ಆಡಳಿತದ ಪ್ರದೇಶಗಳಲ್ಲಿ 50 ಲಕ್ಷಕ್ಕೂ ಮೇಲ್ಪಟ್ಟು ಜನ ಸತ್ತರೆಂಬುದು ಸರ್ಕಾರದ ಕಡೆಯ ಅಂದಾಜು. ಡಿಗ್ಬಿಯ ಲೆಕ್ಕ ಒಂದು ಕೋಟಿಯನ್ನು ಮೀರುತ್ತದೆ. ಇತ್ತೀಚಿನ ಜನಸಂಖ್ಯಾಶಾಸ್ತ್ರಜ್ಞರ ಎಣಿಕೆಯೊಂದು 82 ಲಕ್ಷವೆನ್ನುತ್ತದೆ. ಈ ಅಂತರವನ್ನು ಕಂಡು ಎಲ್ಲವೂ ಸುಳ್ಳೆಂದು ಕೈಚೆಲ್ಲುವುದು ವಿವೇಕವಲ್ಲ. ಪ್ರತಿಯೊಂದು ಅಂಕಿಯನ್ನೂ ಯಾರು, ಯಾವ ಸ್ಥಾನದಲ್ಲಿ ನಿಂತು, ಯಾರಿಗೆ ಒಪ್ಪಿಸಲು ಎಣಿಸಿದರು ಎಂದು ಕೇಳಬೇಕು. ಟೆಂಪಲ್‌ಗೆ ತನ್ನ ಮಿತವ್ಯಯವನ್ನು ಸಮರ್ಥಿಸಬೇಕಾಗಿತ್ತು. ಡಿಗ್ಬಿಗೆ ಆಡಳಿತದ ದೋಷವನ್ನು ಎತ್ತಿ ತೋರಿಸಬೇಕಾಗಿತ್ತು. ಮಿಷನರಿಗೆ ಊರಿನಲ್ಲಿದ್ದ ದಾನಿಗಳಿಗೆ ಕಾರ್ಯದ ಫಲವನ್ನು ತಿಳಿಸಬೇಕಾಗಿತ್ತು. ಸಾರ್ವಜನಿಕ ಸಭೆಗೆ ಪ್ರಜೆಗಳ ಪರ ವಕಾಲತ್ತು ವಹಿಸಬೇಕಾಗಿತ್ತು. ಇವರಲ್ಲಿ ಯಾರ ಮಾತನ್ನೂ ಪೂರ್ತಿ ತಳ್ಳಿಹಾಕಬೇಕಾಗಿಲ್ಲ. ಯಾರ ಮಾತನ್ನೂ ಅದೊಂದೇ ಸತ್ಯವೆಂದು ಹಿಡಿಯಬೇಕಾಗಿಯೂ ಇಲ್ಲ. ಕ್ಷಾಮವನ್ನು ವಿಚಾರಿಸಲು ನೇಮಕಗೊಂಡು 1880ರಲ್ಲಿ ವರದಿ ಒಪ್ಪಿಸಿದ ಆಯೋಗದೊಳಗೇ ಜೇಮ್ಸ್ ಕೇರ್ಡ್ ಮತ್ತು ಸಲಿವನ್ ಎಂಬಿಬ್ಬರು ಸದಸ್ಯರು ತಮ್ಮ ಭಿನ್ನಮತವನ್ನು ಬರೆದಿಟ್ಟರು. ಅದು ವರದಿಯ ಬೆಲೆಯನ್ನು ಕುಂದಿಸಲಿಲ್ಲ, ಹೆಚ್ಚಿಸಿತು.

ಆಯೋಗದ ವರದಿಯಿಂದ ಕ್ಷಾಮ ಸಂಹಿತೆಗಳು ಹುಟ್ಟಿದವು. ಬರ ಬಿದ್ದಾಗ ಪ್ರಜೆಗಳ ಪ್ರಾಣ ಉಳಿಸುವುದು ಸರ್ಕಾರದ ಹೊಣೆಯೆಂಬ ತತ್ತ್ವ ಬರಹದಲ್ಲಿ ಸೇರಿತು. ಲಕ್ಷಾಂತರ ಜನರ ಸಾವಿನ ಮೇಲೆ ನಿಂತ ತತ್ತ್ವವದು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಗಳಿಂದ ಅಂದು ಗುಳೆ ಹೋದವರ ಮಾತು ಅವರದೇ ಬಾಯಿಂದ ನಮಗೆ ದೊರೆಯುವುದು ದುರ್ಲಭ. ಅಧಿಕಾರಿ, ಸಂಪಾದಕ, ಪಾದ್ರಿ, ವಕೀಲ ಇವರ ಬರಹಗಳ ಸಂದಿಯಲ್ಲಿ ಅದನ್ನು ಆಲಿಸಬೇಕಾಗಿದೆ. ಈ ತಾಲ್ಲೂಕುಗಳಿಂದ ಇಂದಿಗೂ ಜನ ದುಡಿಮೆಗಾಗಿ ಗೋವೆಗೆ, ಮಹಾರಾಷ್ಟ್ರಕ್ಕೆ ಗುಳೆ ಹೋಗುತ್ತಾರೆ. ನೆರೆ ಬಂದಾಗ, ಬರ ಬಂದಾಗ ಬಸದಿ, ಮಠ, ಸಂಘಗಳ ಬಾಗಿಲಲ್ಲಿ ಸಾಲು ನಿಲ್ಲುತ್ತದೆ. ನೆರವು ನೀಡುವವರು ಪಟ್ಟಿ ಹಿಡಿದು, ನಿಜವಾದ ಸಂತ್ರಸ್ತರು ಯಾರೆಂದು ವಿಚಾರಿಸುವುದೂ ನಡೆಯುತ್ತದೆ. ಲೆಕ್ಕವಿಡುವುದು ತಪ್ಪಲ್ಲ, ದಾನದ ದ್ರವ್ಯಕ್ಕೆ ಲೆಕ್ಕ ಬೇಕು. ಆದರೆ ಆ ವಿಚಾರಣೆ ಊಟದ ಎಲೆ ಹಾಕಿದ ಮೇಲೆ ನಡೆಯಲಿ. ದಾನಿಗಳ ಹೆಸರು ಕಲ್ಲಿನ ಮೇಲೆ ಉಳಿಯುವ ನಾಡಿನಲ್ಲಿ ಪಡೆದವರು ಎಲ್ಲಿಂದ ಬಂದರು, ಏನು ಹೇಳಿದರು, ಎಲ್ಲಿಗೆ ಹೋದರು ಎಂಬುದಕ್ಕೂ ದಫ್ತರದಲ್ಲಿ ಒಂದು ಪುಟ ಮೀಸಲಾಗಿರಲಿ. 1881ರಲ್ಲಿ ಕಲಾದಗಿಯ ಲೆಕ್ಕದಿಂದ ಮರೆಯಾದ 1 ಲಕ್ಷ 78 ಸಾವಿರ ಜನರಿಗೆ ಅಂಥದೊಂದು ಪುಟ ದೊರೆಯಲಿಲ್ಲ.