ನಂಟು, ಬಳಿ, ಸಂಬಂಧ



ಬಂಟ್ವಾಳದಲ್ಲಿ ಉದ್ಯೋಗನಿಮಿತ್ತ ನೆಲೆಸಿರುವ ಭಕ್ತರೊಬ್ಬರು ಶ್ರೀಮಠದ ಮಾಸಿಕ ಶಿವಾನುಭವಗೋಷ್ಠಿಗೆ ಬಂದಾಗ ಒಂದು ಪ್ರಶ್ನೆಯನ್ನು ಮುಂದಿಟ್ಟರು. ಅವರ ಮಗಳಿಗೆ ವರ ನಿಶ್ಚಯವಾಗಬೇಕಿದೆ. ಹುಡುಗ ಲಿಂಗವಂತನೇ, ಒಳಪಂಗಡ ಮಾತ್ರ ಬೇರೆ. ಮನೆಯ ಹಿರಿಯರು “ಆ ಕಡೆ ನಮಗೆ ಸಂಬಂಧವಿಲ್ಲ” ಎಂದು ಕೈಚೆಲ್ಲಿದ್ದಾರೆ. “ವಚನಗಳಲ್ಲಿ ಸಂಬಂಧವೆಂಬ ಮಾತು ಎಷ್ಟೋ ಕಡೆ ಬರುತ್ತದೆಯಲ್ಲ, ಅದು ಇದೇ ಸಂಬಂಧವೇ?” ಎಂಬುದು ಅವರ ಪ್ರಶ್ನೆ. ಅದಕ್ಕೆ ಗೋಷ್ಠಿಯಲ್ಲಿ ಅರೆಬರೆಯಾಗಿ ಹೇಳಿದ್ದನ್ನು ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇನೆ.

ಕನ್ನಡದಲ್ಲಿ ಈ ಅರ್ಥಕ್ಕೆ ಪದಗಳ ಬಡತನವಿಲ್ಲ. ನಂಟು, ಕೆಳೆ, ಬಳಿ, ಕಳ್ಳುಬಳ್ಳಿ, ಹೊಕ್ಕುಬಳಕೆ, ಕೊಳುಕೊಡೆ. ಸಂಸ್ಕೃತದಿಂದ ಬಂದ ಬಂಧುತ್ವ, ಬಾಂಧವ್ಯ, ಸಂಬಂಧ. ಹೀಗೆ ಸಮಾನಾರ್ಥಕ ಪದಗಳನ್ನು ಒಟ್ಟುಗೂಡಿಸುವ ಕೆಲಸವನ್ನು 16ನೆಯ ಶತಮಾನದಲ್ಲಿ ನಮ್ಮವರೇ ಆದ ವಿರಕ್ತ ತೋಂಟದಾರ್ಯರು ‘ಕರ್ಣಾಟಕ ಶಬ್ದಮಂಜರಿ’ ಎಂಬ ನಿಘಂಟಿನಲ್ಲಿ ಮಾಡಿದ್ದಾರೆ. ಆದರೆ ನಿಘಂಟಿನಲ್ಲಿ ಒಂದೇ ಸಾಲಿನಲ್ಲಿ ನಿಂತ ಪದಗಳು ಬದುಕಿನಲ್ಲಿ ಒಂದೇ ಸಾಲಿನಲ್ಲಿ ನಿಲ್ಲುವುದಿಲ್ಲ. ಇಂದು ನಂಟು ಎಂದೊಡನೆ ನೆನಪಾಗುವುದು ಮದುವೆಯ ಬೀಗತನ. ಆ ಪದದ ಬೇರು ಬೇರೆಯೇ ಆಗಿದೆ. ತಮಿಳಿನಲ್ಲಿ ಸ್ನೇಹಕ್ಕೆ ‘ನಟ್ಪು’ ಎನ್ನುತ್ತಾರೆ. ನಮ್ಮ ನಂಟು, ನೆಂಟ ಎಂಬವು ಅದೇ ಮೂಲದವು. ಕೆಳೆ ಎಂಬುದು ಇದಕ್ಕೆ ಎದುರುದಿಕ್ಕಿನಲ್ಲಿ ನಡೆದಂತೆ ಕಾಣುತ್ತದೆ. ತಮಿಳಿನ ‘ಕೇಳ್’ ಎಂಬುದಕ್ಕೆ ಬಂಧುವೆಂಬ ಅರ್ಥವೂ ಇದೆ. ಕನ್ನಡದ ಕೆಳೆಯನು ಗೆಳೆಯನಾಗಿ ಸ್ನೇಹಿತನಷ್ಟೇ ಉಳಿದ. ಇನ್ನು ಬಂಧು, ಬಂಧನ, ಸಂಬಂಧ ಇವು ಒಂದೇ ಧಾತುವಿನಿಂದ ಹುಟ್ಟಿದವು: ಕಟ್ಟುವುದು. ಭವಬಂಧನವನ್ನು ಹರಿಯಬೇಕೆಂದ ಶರಣರು ಸಂಬಂಧವೆಂಬ ಪದವನ್ನು ಅಷ್ಟು ಪ್ರೀತಿಯಿಂದ ಎತ್ತಿಕೊಂಡದ್ದು ಸೋಜಿಗವೇ ಸರಿ.

ನಮ್ಮ ಭಕ್ತರು ಈಗ ಬಾಳುತ್ತಿರುವ ತುಳುನಾಡಿನಲ್ಲಿ ‘ಬಳಿ’ ಎಂಬ ಪದಕ್ಕೆ ವಿಶೇಷವಾದ ಭಾರವಿದೆ. ತುಳುವಿನಲ್ಲಿ ಅದು ‘ಬರಿ’. ಕನ್ನಡದಲ್ಲಿ ಬಳಿಯೆಂದರೆ ಹತ್ತಿರ, ಹಿಂದೆ, ದಾರಿ, ವಂಶ. ತುಳುವರ ಬರಿ ತಾಯಿಯಿಂದ ಮಕ್ಕಳಿಗೆ ಬರುತ್ತದೆ, ತಂದೆಯಿಂದಲ್ಲ. ಒಂದೇ ಬರಿಯವರು ಪರಸ್ಪರ ಮದುವೆಯಾಗುವಂತಿಲ್ಲ. ಮೂಡುಬಿದಿರೆಯ ಚೌಟರು, ಬೆಳ್ತಂಗಡಿ ಸೀಮೆಯ ಬಂಗರು, ವೇಣೂರಿನ ಅಜಿಲರು ಜೈನ ಅರಸರು. ಇವರಲ್ಲೂ ಪಟ್ಟ ಹೋಗುತ್ತಿದ್ದುದು ಮಗನಿಗಲ್ಲ, ಸೋದರಳಿಯನಿಗೆ. 1604ರಲ್ಲಿ ವೇಣೂರಿನಲ್ಲಿ ಬಾಹುಬಲಿಯನ್ನು ನಿಲ್ಲಿಸಿದ ತಿಮ್ಮಣ್ಣ ಅಜಿಲನು ಈ ಪರಂಪರೆಯವನೇ. ಒಬ್ಬ ಹೆಂಗಸು, ಅವಳ ಮಕ್ಕಳು, ಅವಳ ಹೆಣ್ಣುಸಂತತಿಯಲ್ಲಿ ಮುಂದೆ ಹುಟ್ಟಿದವರು ಇಷ್ಟು ಮಂದಿ ಸೇರಿ ಒಂದು ‘ಕವರು’. ಕನ್ನಡದ ಕವಲು ಎಂಬ ಮಾತೇ ಅದು. 1949ರ ಮದರಾಸು ಅಳಿಯಸಂತಾನ ಕಾಯಿದೆಯಲ್ಲಿಯೂ ಈ ದೇಸಿ ಪದ ಹಾಗೆಯೇ ಉಳಿದುಕೊಂಡಿತು. ತಾಯಿಯೇ ಕವಲಿನ ಬುಡವಾಗುವುದು ಸಣ್ಣ ಸಂಗತಿಯಲ್ಲ. ಆದರೂ ಒಂದನ್ನು ಗಮನಿಸಬೇಕು. ಒಂದೇ ಬರಿಯ ಹೆಸರು ಬಂಟರಲ್ಲಿಯೂ ಬಿಲ್ಲವರಲ್ಲಿಯೂ ಸಿಗುವುದುಂಟು. ಹೆಸರು ಒಂದಾದ ಮಾತ್ರಕ್ಕೆ ಜಾತಿಯ ಗೋಡೆ ಬೀಳಲಿಲ್ಲ. ವಂಶವನ್ನು ತಂದೆಯಿಂದ ಎಣಿಸಿದರೂ ತಾಯಿಯಿಂದ ಎಣಿಸಿದರೂ ಎಣಿಕೆ ಎಣಿಕೆಯೇ.

ಈ ಜೈನ ಅರಸುಮನೆಗಳು 17ನೆಯ ಶತಮಾನದ ಹೊತ್ತಿಗೆ ಕೆಳದಿಯ ವೀರಶೈವ ನಾಯಕರ ಹಿಡಿತಕ್ಕೆ ಬಂದವು. ಆ ಆಳ್ವಿಕೆ 1763ರಲ್ಲಿ ಹೈದರಾಲಿಯು ಬಿದನೂರನ್ನು ಹಿಡಿಯುವವರೆಗೆ ನಡೆಯಿತು. ಅದಕ್ಕೂ ಮೊದಲೇ ಮೂಡುಬಿದಿರೆಯಲ್ಲಿ ನಮಗೆ ಸಂಬಂಧಿಸಿದ ಒಂದು ಪ್ರಸಂಗ ನಡೆಯಿತೆಂದು ಐತಿಹ್ಯವಿದೆ. ‘ಭರತೇಶವೈಭವ’ವನ್ನು ಬರೆದ 16ನೆಯ ಶತಮಾನದ ರತ್ನಾಕರವರ್ಣಿಯು ತನ್ನವರೊಡನೆ ಮುನಿಸಿಕೊಂಡು ಕೆಲಕಾಲ ಲಿಂಗಧಾರಿಯಾಗಿದ್ದು, ಮತ್ತೆ ಜೈನಮತಕ್ಕೆ ಮರಳಿದನೆಂದು ದೇವಚಂದ್ರನ ‘ರಾಜಾವಳಿಕಥೆ’ಯಿಂದ ತಿಳಿದುಬರುತ್ತದೆ. ದೇವಚಂದ್ರನು 19ನೆಯ ಶತಮಾನದವನು. ಕತೆಯ ಎಲ್ಲ ವಿವರಗಳನ್ನೂ ನಂಬಬೇಕಾಗಿಲ್ಲ. ನನಗೆ ಹಿಡಿಸಿದ್ದು ಬೇರೆ: ಆ ಕವಿಯನ್ನು ಜನ ‘ರತ್ನಾಕರ ಅಣ್ಣ’ ಎಂದು ಕರೆದರು. ಬಸವರಸನು ನಮಗೆ ಅಣ್ಣನಾದಂತೆ, ಉಡುತಡಿಯ ಮಹಾದೇವಿಯು ಅಕ್ಕನಾದಂತೆ. ಪೂಜ್ಯತೆಗೆ ಕನ್ನಡಿಗರು ಮೊದಲು ಹುಡುಕುವುದು ಒಡಹುಟ್ಟಿದವರ ಹೆಸರನ್ನೇ.

ವಚನಗಳಿಗೆ ಬರೋಣ. ಅಲ್ಲಿ ಸಂಬಂಧವೆಂದರೆ ಮೊದಲು ಅಂಗಕ್ಕೂ ಲಿಂಗಕ್ಕೂ ಆದದ್ದು. ಅಂಗಲಿಂಗಸಂಬಂಧ, ಪ್ರಾಣಲಿಂಗಸಂಬಂಧ ಎಂಬ ಮಾತುಗಳನ್ನು ಷಟ್‌ಸ್ಥಲವನ್ನು ಓದಿದವರು ಬಲ್ಲರು. ಇದು ಮದುವೆಯ ಮಾತಲ್ಲ, ನಿಜ. ನಮ್ಮ ಭಕ್ತರ ಮನೆಯ ಹಿರಿಯರು ಇಷ್ಟಕ್ಕೇ ನಿಲ್ಲಿಸಿ “ನೋಡಿ, ಅದು ಬೇರೆ, ಇದು ಬೇರೆ” ಎನ್ನಬಹುದು. ಆದರೆ ಶರಣರು ಅಲ್ಲಿಗೆ ನಿಲ್ಲಿಸಲಿಲ್ಲ. ಲಿಂಗಸಂಬಂಧವಾದ ಅಂಗಕ್ಕೆ ಐದು ಸೂತಕಗಳಿಲ್ಲವೆಂದರು. ಅವುಗಳಲ್ಲಿ ಒಂದು ಜಾತಿಸೂತಕ. ಪಂಚಾಚಾರಗಳಲ್ಲಿ ಶಿವಾಚಾರವೆಂದರೆ ಲಿಂಗವಂತರಲ್ಲಿ ಹಿಂದಣ ಕುಲವನ್ನು ಕೇಳದೆ ಉಣ್ಣುವುದು, ಕೊಡುವುದು, ಕೊಳ್ಳುವುದು. ಕೊಳುಕೊಡೆಯೆಂಬ ಪದ ಸಿದ್ಧಾಂತದೊಳಕ್ಕೆ ಬಂದದ್ದು ಹೀಗೆ.

ಬಸವಣ್ಣನವರು ತಮ್ಮ ಕುಟುಂಬವನ್ನು ಹೇಳಿಕೊಳ್ಳುವ ವಚನವೊಂದಿದೆ. ಮಾದಾರ ಚೆನ್ನಯ್ಯನನ್ನು ಅಪ್ಪನೆಂದೂ ಡೋಹರ ಕಕ್ಕಯ್ಯನನ್ನು ಬೊಪ್ಪನೆಂದೂ ಕಿನ್ನರ ಬೊಮ್ಮಯ್ಯನನ್ನು ಅಣ್ಣನೆಂದೂ ಅಲ್ಲಿ ಕರೆದುಕೊಳ್ಳುತ್ತಾರೆ. ಅಪ್ಪ, ಬೊಪ್ಪ ಎರಡೂ ತಂದೆಯೇ. ಒಬ್ಬ ತಂದೆ ಸಾಲದೆ, ಪರ್ಯಾಯಪದವನ್ನು ಹಿಡಿದು ಇನ್ನೊಬ್ಬ ತಂದೆಯನ್ನು ಸಂಪಾದಿಸಿಕೊಂಡ ಪರಿ ಇದು. ನಿಘಂಟುಕಾರನಿಗೆ ಅವು ಒಂದು ಅರ್ಥದ ಎರಡು ಪದ. ಬಸವಣ್ಣನವರಿಗೆ ಇಬ್ಬರು ಮನುಷ್ಯರು. ಅವರ ಅಂಕಿತವನ್ನೇ ನೋಡಿ. ಕೃಷ್ಣೆ ಮಲಪ್ರಭೆಯರು ಸೇರುವೆಡೆ ಕೂಡಲಸಂಗಮ: ಕೂಡಲ ಎಂದರೂ ಸೇರುವುದೇ, ಸಂಗಮ ಎಂದರೂ ಸೇರುವುದೇ. ಬಂಟ್ವಾಳದ ಶರಣರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಅವರ ಊರಿನ ನೇತ್ರಾವತಿಯು ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು ಬಂದವಳು. ಅವಳು ಕಡಲು ಸೇರುವ ಮಂಗಳೂರನ್ನು ತುಳುವರು ‘ಕುಡ್ಲ’ ಎನ್ನುತ್ತಾರೆ. ಆ ಹೆಸರಿಗೂ ಕೂಡುವಿಕೆಯೆಂಬ ಅರ್ಥವನ್ನೇ ಹೇಳುವುದು ರೂಢಿ.

ಮಾತಿನ ಸಂಬಂಧವು ಮನೆಯ ಸಂಬಂಧವಾದಾಗ ಏನಾಯಿತೆಂಬುದನ್ನು ಕಲ್ಯಾಣದ ಚರಿತ್ರೆ ಹೇಳುತ್ತದೆ. 12ನೆಯ ಶತಮಾನದ ಉತ್ತರಾರ್ಧದಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣಮೂಲದ ಮಧುವರಸನ ಮಗಳಿಗೂ ಶರಣರು ಲಗ್ನ ಮಾಡಿಸಿದರೆಂದೂ ಆ ಕಾರಣಕ್ಕೆ ಬಿಜ್ಜಳನು ಹರಳಯ್ಯ ಮಧುವಯ್ಯರಿಗೆ ಎಳೆಹೂಟೆಯ ಶಿಕ್ಷೆ ವಿಧಿಸಿದನೆಂದೂ ಪರಂಪರೆ ನಂಬಿಕೊಂಡು ಬಂದಿದೆ. ಆ ಇಬ್ಬರು ತಂದೆಯರು “ನಾವು ಬೀಗರು” ಎಂದದ್ದಕ್ಕೆ ತೆತ್ತ ಬೆಲೆ ಅದು. ಅಂಥವರ ಹೆಸರನ್ನು ದಿನವೂ ನೆನೆಯುವ ನಾವು ಒಳಪಂಗಡದ ಪಟ್ಟಿ ಹಿಡಿದು ಕೂರುವುದನ್ನು ಕಂಡರೆ ನನಗೆ ನಾಚಿಕೆಯಾಗುತ್ತದೆ. ನನ್ನ ಮನೆಯಲ್ಲಿಯೂ ಅಂಥ ಪಟ್ಟಿಯಿತ್ತೆಂಬುದನ್ನು ಮುಚ್ಚಿಡಲಾರೆ.

ಭಕ್ತರಿಗೆ ಅಂದು ನಾನು ಹೇಳಿದ್ದಿಷ್ಟೇ: ಅಪ್ಪ ಬೊಪ್ಪರ ಆ ವಚನವನ್ನು ಮನೆಯಲ್ಲಿ ಎಲ್ಲರೆದುರು ಒಮ್ಮೆ ಗಟ್ಟಿಯಾಗಿ ಓದಿಸಿ. ಓದಿಸಿದರಂತೆ. ಹಿರಿಯರು ಇನ್ನೂ ಒಪ್ಪಿಲ್ಲ. ಆದರೆ ಮುಂದಿನ ಗೋಷ್ಠಿಗೆ ತಾವೇ ಬಂದು ಕೇಳುವೆವೆಂದು ಹೇಳಿ ಕಳುಹಿಸಿದ್ದಾರೆ.