ಹೀನವೇ ಉತ್ತಮವಾದ ಇಸ್ಪೀಟಾಟ

ಇಸ್ಪೀಟಿನ ಆಟಗಳಲ್ಲಿ ರಾಜನು ರಾಣಿಗಿಂತಲೂ, ರಾಣಿಯು ಗುಲಾಮನಿಗಿಂತಲೂ ಹೆಚ್ಚೆಂಬುದು ಎಳೆಯ ಮಕ್ಕಳಿಗೂ ತಿಳಿದ ಸಂಗತಿ. ಈ ತಾರತಮ್ಯವನ್ನೇ ತಲೆಕೆಳಗು ಮಾಡಿ, ಎಲ್ಲರಿಗಿಂತ ಕೀಳಾದ ಎಲೆಗಳುಳ್ಳವನಿಗೆ ಪಣವನ್ನೊಪ್ಪಿಸುವ ಆಟವೊಂದು ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಬೆಳೆದುಬಂದಿತು. ಪೋಕರ್ ಎಂಬ ಜೂಜಿನ ಭೇದವಾದ ಇದಕ್ಕೆ ಲೋಬಾಲ್ ಎಂದು ಹೆಸರು. ಇದರ ಚರಿತ್ರೆಯಲ್ಲಿ ಗಣಿತ, ಶಾಸನ, ಮನುಷ್ಯನ ಲೋಭ ಈ ಮೂರೂ ಹೆಣೆದುಕೊಂಡಿರುವುದರಿಂದ ಅದು ವಿಚಾರಾರ್ಹವಾಗಿರುವುದು.

ತಾರತಮ್ಯವನ್ನು ತಿರುಗಿಸುವ ಕಲ್ಪನೆಯು ಹೊಸದೇನೂ ಅಲ್ಲ. ಭರತಖಂಡದ ಗಂಜೀಫಾ ಆಟದಲ್ಲಿ ಅರ್ಧದಷ್ಟು ಜಾತಿಗಳಲ್ಲಿ ರಾಜ ಮಂತ್ರಿಗಳ ತರುವಾಯ ಹತ್ತರ ಎಲೆಯು ದೊಡ್ಡದು. ಉಳಿದರ್ಧದಲ್ಲಿ ಒಂದರ ಎಲೆಯೇ ದೊಡ್ಡದು. ಮುಮ್ಮಡಿ ಕೃಷ್ಣರಾಜ ಒಡೆಯರು ಆದರಿಸಿದ ಈ ಕ್ರೀಡೆಯನ್ನು ಬಲ್ಲ ಮೈಸೂರಿನ ಮನೆತನಗಳಿಗೆ ಇದು ಅಪೂರ್ವವೆನಿಸದು. ಆದರೆ ಗಂಜೀಫಾದಲ್ಲಿ ಯಾವ ಜಾತಿಯಲ್ಲಿಯೂ ರಾಜನ ಸಿಂಹಾಸನ ಅಲುಗುವುದಿಲ್ಲ. ಲೋಬಾಲಿನಲ್ಲಿಯಾದರೋ ರಾಜನು ಕೈಗೆ ಬಂದನೆಂದರೆ ಅದೇ ಅನಿಷ್ಟ.

ಪೋಕರ್ ಆಟವು 19ನೆಯ ಶತಮಾನದ ಆದಿಭಾಗದಲ್ಲಿ ಮಿಸಿಸಿಪ್ಪಿ ನದಿಯ ಕೆಳದಂಡೆಗಳಲ್ಲಿ, ನ್ಯೂ ಆರ್ಲಿಯನ್ಸ್ ಪಟ್ಟಣದ ಸುತ್ತಮುತ್ತ ಹುಟ್ಟಿತು. ಮೊದಲು 20 ಎಲೆಗಳಿಂದ ಆಡುತ್ತಿದ್ದರು. ಬಳಿಕ 52 ಎಲೆಗಳ ಪೂರ್ಣ ಕಟ್ಟು ರೂಢಿಗೆ ಬಂದಿತು. ಐದೈದು ಎಲೆಗಳನ್ನು ಹಂಚಿ, ಒಮ್ಮೆ ಪಣವೊಡ್ಡಿ, ಬೇಡವಾದ ಎಲೆಗಳನ್ನು ಬಿಸುಟು ಹೊಸವನ್ನು ಕೊಂಡು, ಮತ್ತೊಮ್ಮೆ ಪಣವೊಡ್ಡುವ ಪದ್ಧತಿಗೆ ಡ್ರಾ ಎಂದು ಹೆಸರಾಯಿತು. ಲೋಬಾಲಿನ ಮುಖ್ಯ ಭೇದಗಳು ಈ ಪದ್ಧತಿಯವೇ.

ಕ್ಯಾಲಿಫೋರ್ನಿಯಾದ ಸಂಪ್ರದಾಯದಲ್ಲಿ ಎಕ್ಕವು ಅತಿ ಚಿಕ್ಕ ಎಲೆ; ಎಕ್ಕ, ಎರಡು, ಮೂರು, ನಾಲ್ಕು, ಐದು ಸೇರಿದರೆ ಅದೇ ಸರ್ವೋತ್ತಮ. ಕ್ಯಾನ್ಸಾಸ್ ಸಿಟಿಯ ಹೆಸರಿನ ಸಂಪ್ರದಾಯದಲ್ಲಿಯಾದರೋ ಎಕ್ಕವು ರಾಜನಿಗಿಂತ ದೊಡ್ಡದು. ಐದು ಅಂಕಗಳು ಒಂದರ ಹಿಂದೊಂದು ಬಂದರೂ, ಐದೆಲೆಗಳು ಒಂದೇ ಜಾತಿಯವಾದರೂ ದೋಷವೇ. ಆದಕಾರಣ ಅಲ್ಲಿ ಎರಡು, ಮೂರು, ನಾಲ್ಕು, ಐದು, ಏಳು ಭಿನ್ನಜಾತಿಗಳಲ್ಲಿ ಕೂಡಿದುದೇ ಶ್ರೇಷ್ಠವಾದ ಕೈ.

ಹೊಸದಾಗಿ ಕಲಿಯುವವನು ಎಡವುವುದು ಹೋಲಿಕೆಯಲ್ಲಿ. ಚಿಕ್ಕ ಎಲೆಗಳು ಹಲವಿದ್ದರೆ ಗೆದ್ದೆನೆಂದು ಅವನು ಭ್ರಮಿಸುತ್ತಾನೆ. ಕ್ಯಾಲಿಫೋರ್ನಿಯಾದ ಆಟದಲ್ಲಿ ಇದಕ್ಕೆ ಸುಲಭವಾದ ಉಪಾಯವುಂಟು. ಜೋಡಿಯಿಲ್ಲದ ಐದೆಲೆಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ ಒಂದೇ ಸಂಖ್ಯೆಯಂತೆ ಓದಬೇಕು. 85432 ಎಂಬುದು 76543ಕ್ಕಿಂತ ದೊಡ್ಡ ಸಂಖ್ಯೆ. ಆದುದರಿಂದ ಎಂಟರ ಕೈ ಸೋತಿತು, ಏಳರ ಕೈ ಗೆದ್ದಿತು.

ಗಣಿತವು ಇನ್ನೊಂದು ಪಾಠವನ್ನು ಕಲಿಸುತ್ತದೆ. 52 ಎಲೆಗಳಿಂದ ಐದೆಲೆಗಳ 25,98,960 ಕೈಗಳು ಸಾಧ್ಯ. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಜೋಡಿಯಿಲ್ಲದವು. ಸಾಮಾನ್ಯ ಪೋಕರಿನಲ್ಲಿ ಬಹುಮಟ್ಟಿಗೆ ಕಸವೆನಿಸುವ ಈ ಕೈಗಳೆಲ್ಲ ಇಲ್ಲಿ ಆಸೆ ಹುಟ್ಟಿಸುತ್ತವೆ. ಆದರೆ ದೊಡ್ಡ ಎಲೆಯು ಎಂಟನ್ನು ಮೀರದ ಕೈ ಹಂಚಿಕೆಯಲ್ಲಿಯೇ ಬರುವುದು 45 ಸಲಕ್ಕೆ ಒಮ್ಮೆ ಮಾತ್ರ. ಎಕ್ಕದಿಂದ ನಾಲ್ಕರವರೆಗೆ ಹಿಡಿದು ಒಂದೆಲೆಯನ್ನು ಬದಲಿಸುವವನಿಗೂ ಅಂತಹ ಕೈ ಕೂಡುವ ಸಂಭವ ಮೂರರಲ್ಲೊಂದು ಪಾಲು. ಆಸೆಪಡುವವರು ಬಹಳ, ಫಲ ಕಾಣುವವರು ವಿರಳ. ಪಣದ ರಾಶಿ ಬೆಳೆಯಲು ಮತ್ತೇನು ಬೇಕು?

ಈ ಆಟವು ಕ್ಯಾಲಿಫೋರ್ನಿಯಾದಲ್ಲಿ ಬೇರೂರಿದುದಕ್ಕೆ ಶಾಸನದ ಒಂದು ಪದವು ಸಹಾಯಕವಾಯಿತು. 1872ರ ದಂಡಸಂಹಿತೆಯ ನಿಷಿದ್ಧ ಜೂಜುಗಳ ಪಟ್ಟಿಗೆ 1885ರಲ್ಲಿ ಸ್ಟಡ್-ಹಾರ್ಸ್ ಪೋಕರ್ ಎಂಬುದನ್ನು ಸೇರಿಸಿದರು. ಡ್ರಾ ಪದ್ಧತಿಯ ಹೆಸರು ಅದರಲ್ಲಿರಲಿಲ್ಲ. 1911ರಲ್ಲಿ ಆ ಸಂಸ್ಥಾನದ ಅಟಾರ್ನಿ ಜನರಲ್ ಆಗಿದ್ದ ಯುಲಿಸಿಸ್ ವೆಬ್ ಎಂಬವರು, ಡ್ರಾ ಪೋಕರ್ ಈ ನಿಷೇಧಕ್ಕೆ ಒಳಪಡದೆಂದು ಅಭಿಪ್ರಾಯವಿತ್ತರು. ಒಂದೇ ವಂಶದ ಎರಡು ಆಟಗಳಲ್ಲಿ ಒಂದು ಅಪರಾಧವಾಯಿತು, ಮತ್ತೊಂದು ನಿರಾತಂಕವಾಯಿತು. ಲಾಸ್ ಏಂಜಲೀಸಿನ ನೆರೆಯ ಗಾರ್ಡೀನಾ ಎಂಬ ಸಣ್ಣ ಪಟ್ಟಣದಲ್ಲಿ 1936ರಿಂದ ಇಸ್ಪೀಟಿನ ಕ್ಲಬ್ಬುಗಳು ತಲೆಯೆತ್ತಿದವು. ಡ್ರಾ ಆಟದ ಜೊತೆಗೆ ಲೋಬಾಲೂ ಅಲ್ಲಿ ದಶಕಗಳ ಕಾಲ ಮೆರೆಯಿತು.

ಆ ಕ್ಲಬ್ಬುಗಳು ತಾವು ಜೂಜಾಡುತ್ತಿರಲಿಲ್ಲ, ಗೆದ್ದ ಪಣದಲ್ಲಿ ಪಾಲನ್ನೂ ಕೇಳುತ್ತಿರಲಿಲ್ಲ. ಅರ್ಧ ಗಂಟೆಗೊಮ್ಮೆ ಕುಳಿತ ಸ್ಥಳಕ್ಕೆ ಬಾಡಿಗೆಯನ್ನಷ್ಟೇ ಎತ್ತುತ್ತಿದ್ದವು. ನೋಡಿದರೆ ಇದು ನ್ಯಾಯವಾಗಿಯೇ ಕಾಣುವುದು. ಆದರೆ ಸಮಾನ ಚಾತುರ್ಯವುಳ್ಳ ಎಂಟು ಮಂದಿ ಒಂದು ಮೇಜಿನ ಸುತ್ತ ದಿನವೆಲ್ಲ ಆಡಿದರೆ, ಒಬ್ಬರ ಹಣ ಮತ್ತೊಬ್ಬರಿಗೆ ಸುತ್ತಿ ಸುತ್ತಿ ಬಂದು, ಕೊನೆಗೆ ಎಂಟು ಮಂದಿಯ ಒಟ್ಟು ಹಣದಲ್ಲಿ ಬಾಡಿಗೆಯಷ್ಟು ಕಡಮೆಯಾಗಿಯೇ ಇರುವುದು. ಧರ್ಮರಾಯನು ಸೋತುದು ಶಕುನಿಯ ಕಪಟಕ್ಕೆ. ಗಾರ್ಡೀನಾದ ಆಟಗಾರನು ಸೋತುದು ಕಪಟವರಿಯದ ಗಡಿಯಾರಕ್ಕೆ.

1980ರ ದಶಕದ ಕೊನೆಗೆ ಕ್ಯಾಲಿಫೋರ್ನಿಯಾದಲ್ಲಿ ಹೋಲ್ಡೆಮ್ ಮೊದಲಾದ ಭೇದಗಳಿಗೂ ಅವಕಾಶ ದೊರೆತು, ಲೋಬಾಲಿನ ಪ್ರಾಬಲ್ಯ ಕುಗ್ಗಿತು. ಕ್ಯಾನ್ಸಾಸ್ ಸಿಟಿಯ ಭೇದವು ಲಾಸ್ ವೇಗಸ್ ನಗರದ ಜಾಗತಿಕ ಪೋಕರ್ ಸ್ಪರ್ಧೆಗಳಲ್ಲಿ ಇಂದಿಗೂ ಉಳಿದಿದೆ. ಎಲೆಗಳ ಬೆಲೆಯನ್ನು ಮನುಷ್ಯನು ತನ್ನ ಇಚ್ಛೆಯಂತೆ ಮೇಲುಕೀಳು ಮಾಡಬಲ್ಲನು. ಕೂಡುವ ಕಳೆಯುವ ಲೆಕ್ಕವನ್ನು ಹಾಗೆ ತಿರುಗಿಸಲಾರನು. ಲೋಬಾಲನ್ನು ಕಲಿಯಹೊರಟವನು ಮೊದಲು ಕಲಿಯತಕ್ಕದ್ದು ಈ ಲೆಕ್ಕವನ್ನೇ.